ಗುರಿಯೂ ಬಲವೂ: ಆಟದೊಳಗಣ ಒಂದು ಗಣಿತಪಾಠ



ನಮ್ಮ ಶಾಲೆಯಲ್ಲಿ ಓದು ಮುಗಿಸಿ ಈಗ ಪಿ.ಯು. ತರಗತಿಯಲ್ಲಿರುವ ಹುಡುಗಿಯೊಬ್ಬಳ ತಾಯಿಯವರು ದೊಡ್ಡಬಳ್ಳಾಪುರದಿಂದ ನನ್ನ ಮನೆಗೆ ಬಂದು, ಮಗಳ ನೋಟುಪುಸ್ತಕವನ್ನು ಮುಂದಿಟ್ಟು, "ಟೀಚರಮ್ಮಾ, ಇವಳು ವೈದ್ಯಕೀಯ ಪ್ರವೇಶಪರೀಕ್ಷೆಗೆ ಲೆಕ್ಕ ಮಾಡುತ್ತಿದ್ದಾಳೆಂದು ನಂಬಿದ್ದೆ. ನೋಡಿದರೆ ಇದೆಲ್ಲಾ ಅಣ್ಣನ ಕಂಪ್ಯೂಟರಿನ ಆಟದ ಲೆಕ್ಕವಂತೆ" ಎಂದು ಬಹಳವಾಗಿ ವ್ಯಸನಪಟ್ಟರು. ಪುಸ್ತಕವನ್ನು ನಾನು ಆ ರಾತ್ರಿಯೇ ಓದಿದೆನು. ಲೆಕ್ಕವು ಶುದ್ಧವಾಗಿತ್ತು, ಆದರೆ ಅದರ ನಿರ್ಣಯವು ತಪ್ಪಾಗಿತ್ತು. ಆ ತಪ್ಪು ಆಟಕ್ಕೆ ಮಾತ್ರ ಸೇರಿದ್ದಲ್ಲವೆಂದು ನನಗೆ ತೋರಿದುದರಿಂದ ಈ ಪಾಠವನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಹಣವನ್ನು ಪಣವಾಗಿಡುವ ಅಂತರ್ಜಾಲದ ಆಟಗಳನ್ನು 2025ರಲ್ಲಿ ಸಂಸತ್ತು ಕಾನೂನಿನ ಮೂಲಕ ನಿಷೇಧಿಸಿತು. ನಾನು ಹೇಳುವ ಆಟವು ಆ ಜಾತಿಯದಲ್ಲ. ಇದರಲ್ಲಿ ಆಡುವವಳು ಒಂದು ಪಾತ್ರವನ್ನು ಧರಿಸಿ, ಕಾಡುಮೇಡುಗಳಲ್ಲಿ ಸಂಚರಿಸಿ, ಮೃಗಗಳೊಡನೆಯೂ ರಾಕ್ಷಸರೊಡನೆಯೂ ಕಾದಾಡಿ, ಗೆದ್ದಷ್ಟೂ ಅಂಕಗಳನ್ನು ಪಡೆದು, ಆ ಅಂಕಗಳಿಂದ ತನ್ನ ಪಾತ್ರದ ಬಲ, ಚುರುಕು, ಕೈಗುರಿ ಮುಂತಾದ ಗುಣಗಳನ್ನು ಬೆಳೆಸಿಕೊಳ್ಳುತ್ತಾಳೆ. ದಕ್ಷಿಣ ಕೊರಿಯಾದಲ್ಲಿ 2002ರಲ್ಲಿ ಹೊರಬಂದ ರಾಗ್ನರಾಕ್ ಎಂಬ ಆಟವು ಇವುಗಳಲ್ಲಿ ಪ್ರಸಿದ್ಧವಾದದ್ದು. ಹುಡುಗಿಯ ಪುಸ್ತಕದಲ್ಲಿದ್ದುದೂ ಅದರ ಹಳೆಯ ನಿಯಮವೇ.

ಹೊಡೆತವು ತಾಗುವುದೋ ತಪ್ಪುವುದೋ ಎಂಬುದನ್ನು ಯಂತ್ರವು ಹೇಗೆ ನಿರ್ಣಯಿಸುವುದು? ನಮ್ಮ ಊರುಗಳ ಚೌಕಾಬಾರವನ್ನು ಸ್ಮರಿಸಿಕೊಳ್ಳಿರಿ. ನಾಲ್ಕು ಕವಡೆಗಳನ್ನು, ಇಲ್ಲವೇ ಒಂದು ಮಗ್ಗುಲು ತೇಯ್ದ ನಾಲ್ಕು ಹುಣಿಸೆಬೀಜಗಳನ್ನು ಎಸೆಯುತ್ತೇವೆ. ಪ್ರತಿಯೊಂದೂ ಮೇಲ್ಮೊಗವಾಗಿಯೋ ಕೆಳಮೊಗವಾಗಿಯೋ ಬೀಳುವುದು ಸಮಸಂಭವವೆಂದು ಇಟ್ಟುಕೊಂಡರೆ ಒಟ್ಟು 16 ಬಗೆಗಳಾಗುವುವು. ಅವುಗಳಲ್ಲಿ ಎರಡು ಬೀಳುವುದು 6 ಬಗೆ, ಒಂದು 4, ಮೂರು 4, ಚೌಕ 1, ಎಲ್ಲವೂ ಮಗುಚಿ ಎಂಟು ಬೀಳುವುದು 1. ಆದಕಾರಣ ಎದುರಾಳಿಗಿಂತ ಎರಡು ಮನೆ ಮುಂದೆ ನಿಂತ ಕಾಯಿಗೆ ಹೆಚ್ಚು ಅಪಾಯವುಂಟು. ಅಕ್ಷರ ಬಾರದ ನಮ್ಮ ಅಜ್ಜಿಯರು ಈ ಭಿನ್ನರಾಶಿಗಳನ್ನು ಬರೆಯದೆ ಇದ್ದರೂ ಕಾಯಿಯನ್ನು ಎಲ್ಲಿ ನಿಲ್ಲಿಸಬಾರದೆಂಬುದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಕಂಪ್ಯೂಟರು ಸಹ ಕವಡೆಯನ್ನೇ ಎಸೆಯುತ್ತದೆ; ಅದರ ಕವಡೆಗೆ ನೂರು ಮುಖ, ಅಷ್ಟೇ.

ರಾಗ್ನರಾಕಿನ ಹಳೆಯ ನಿಯಮ ಹೀಗಿದೆ. ಪಾತ್ರದ ಮಟ್ಟ ಮತ್ತು ಕೈಚಳಕ ಇವೆರಡನ್ನೂ ಕೂಡಿಸಿದರೆ 'ಹಿಟ್' ಬರುವುದು. ಎದುರಾಳಿಯ ಮಟ್ಟ ಮತ್ತು ಚುರುಕನ್ನು ಕೂಡಿಸಿದರೆ ಅವನ 'ಫ್ಲೀ', ಎಂದರೆ ತಪ್ಪಿಸಿಕೊಳ್ಳುವ ಶಕ್ತಿ, ಬರುವುದು. 80ಕ್ಕೆ ಹಿಟ್ಟನ್ನು ಕೂಡಿಸಿ ಫ್ಲೀಯನ್ನು ಕಳೆದರೆ ನೂರಕ್ಕೆ ಎಷ್ಟು ಹೊಡೆತಗಳು ತಾಗುವುವೆಂಬುದು ತಿಳಿಯುವುದು. ನಮ್ಮ ಹುಡುಗಿಯ ಪಾತ್ರದ ಮಟ್ಟ 50, ಕೈಚಳಕ 20, ಹಿಟ್ 70. ಎದುರಾಳಿಯ ಮಟ್ಟ 60, ಚುರುಕು 40, ಫ್ಲೀ 100. ಆಗ 80 + 70 − 100 = 50. ಎಂದರೆ ಎರಡಕ್ಕೆ ಒಂದು ಹೊಡೆತ ವ್ಯರ್ಥ.

ಇದು ಆ ಹುಡುಗಿಯನ್ನು ಬಹಳ ನೋಯಿಸಿತ್ತು. ಪುಸ್ತಕದ ಅಂಚಿನಲ್ಲಿ "ಮತ್ತೆ ತಪ್ಪಿತು" ಎಂದು ಏಳೆಂಟು ಕಡೆ ಬರೆದಿದ್ದಳು. ಆದುದರಿಂದ ತನ್ನ ಬಳಿಯಿದ್ದ 30 ಅಂಕಗಳನ್ನೂ ಕೈಚಳಕಕ್ಕೇ ಸುರಿಯಬೇಕೆಂದು ನಿಶ್ಚಯಿಸಿದ್ದಳು. ಅದು ಸರಿಯೋ ನೋಡೋಣ.

ಪಾಠದ ಅನುಕೂಲಕ್ಕಾಗಿ, ತಾಗಿದ ಹೊಡೆತದ ಪೆಟ್ಟು 100 ಎಂದೂ, ಬಲಕ್ಕೆ ಹಾಕಿದ ಒಂದೊಂದು ಅಂಕಕ್ಕೆ ಪೆಟ್ಟು 2ರಂತೆ ಹೆಚ್ಚುವುದೆಂದೂ ಇಟ್ಟುಕೊಳ್ಳೋಣ. ಮೂವತ್ತನ್ನೂ ಕೈಚಳಕಕ್ಕೆ ಹಾಕಿದರೆ ನೂರಕ್ಕೆ 80 ಹೊಡೆತ ತಾಗುವುದು, ಪೆಟ್ಟು 100. ಸರಾಸರಿ ಹೊಡೆತವೊಂದಕ್ಕೆ 80. ಮೂವತ್ತನ್ನೂ ಬಲಕ್ಕೆ ಹಾಕಿದರೆ ತಾಗುವುದು 50, ಪೆಟ್ಟು 160. ಸರಾಸರಿ ಮತ್ತೆ 80ಯೇ! ಹದಿನೈದು ಹದಿನೈದಾಗಿ ಹಂಚಿದರೆ ತಾಗುವುದು 65, ಪೆಟ್ಟು 130; ಸರಾಸರಿ 84½. ಇದಕ್ಕಿಂತ ಹೆಚ್ಚಿನದು ಯಾವ ಹಂಚಿಕೆಯಿಂದಲೂ ಬರಲಾರದು. ಏಕೆಂದರೆ ಕೈಚಳಕಕ್ಕೆ ಹಾಕಿದ್ದು ಕ್ಷ ಎಂದಾದರೆ ನಾವು ಗುಣಿಸುತ್ತಿರುವುದು (50 + ಕ್ಷ) ಮತ್ತು (80 − ಕ್ಷ) ಎಂಬೆರಡನ್ನು, ಆ ಮೇಲೆ ಎರಡರಿಂದ. ಇವುಗಳ ಮೊತ್ತ ಯಾವಾಗಲೂ 130. ಮೊತ್ತವು ಬದಲಾಗದ ಎರಡು ಸಂಖ್ಯೆಗಳ ಗುಣಲಬ್ಧವು ಅವೆರಡೂ ಸಮವಾದಾಗ ಪರಮಾವಧಿಯಾಗುವುದು. ಇಷ್ಟೇ ಉದ್ದದ ಬೇಲಿಯಿಂದ ಸುತ್ತುಗಟ್ಟಿದ ಆಯತಗಳಲ್ಲಿ ಚೌಕವಾದ ಹೊಲವೇ ದೊಡ್ಡದೆಂದು ನೀವೆಲ್ಲರೂ ಕಲಿತಿದ್ದೀರಿ. ಇದು ಅದೇ ಪಾಠ.

ಆದರೆ ಎದುರಾಳಿಯು ಬದಲಾದರೆ ಉತ್ತರವೂ ಬದಲಾಗುವುದು. ಮೊದಲೇ ನೂರಕ್ಕೆ 90 ತಾಗುವ ಮಂದ ಮೃಗವೊಂದು ಎದುರಾಯಿತೆನ್ನೋಣ. ಹತ್ತು ಅಂಕಗಳಿಂದ ತಾಗುವಿಕೆ ನೂರಕ್ಕೆ ನೂರಾಗುವುದು; ಅದಕ್ಕೆ ಮೇಲೆ ಹಾಕಿದ್ದೆಲ್ಲ ತುಂಬಿದ ಕೊಡಕ್ಕೆ ಸುರಿದ ನೀರು. ಹತ್ತನ್ನು ಕೈಚಳಕಕ್ಕೂ ಇಪ್ಪತ್ತನ್ನು ಬಲಕ್ಕೂ ಹಾಕಿದರೆ ಸರಾಸರಿ 140. ಎಲ್ಲವನ್ನೂ ಬಲಕ್ಕೆ ಹಾಕಿ, ಹತ್ತಕ್ಕೊಂದು ಹೊಡೆತ ತಪ್ಪಲಿ ಎಂದು ಸುಮ್ಮನಿದ್ದರೆ 144! ನಮ್ಮ ಹುಡುಗಿಯ ನಿರ್ಣಯದಂತೆ ಎಲ್ಲವನ್ನೂ ಕೈಚಳಕಕ್ಕೆ ಹಾಕಿದರೆ ಕೇವಲ 100.

ನಿಜವಾದ ಆಟದಲ್ಲಿ ಇನ್ನೊಂದು ತೊಡಕುಂಟು. ಗುಣವು ಏರಿದಷ್ಟೂ ಅದರ ಬೆಲೆಯೂ ಏರುವುದು: 1ರಿಂದ 2ಕ್ಕೆ ಏರಿಸಲು 2 ಅಂಕ, 11ರಿಂದ 12ಕ್ಕೆ 3, ಹೀಗೆ ಹೋಗಿ 98ರಿಂದ 99ಕ್ಕೆ 11 ಅಂಕ. ಒಂದೇ ಗುಣವನ್ನು ಹಿಡಿದು ಕುಳಿತವಳಿಗೆ ಕೊನೆಯ ಮೆಟ್ಟಿಲುಗಳು ಬಹು ದುಬಾರಿ.

ಹಾಗಾದರೆ ಗುರಿಗೆ ಬೆಲೆಯಿಲ್ಲವೇ ಎಂದು ಕೇಳಬಹುದು. ಉಂಟು. ನಮ್ಮ ದೇವನಹಳ್ಳಿಯಲ್ಲಿ ಹುಟ್ಟಿದ ಟೀಪುವಿನ ಮತ್ತು ಅವನ ತಂದೆಯ ಸೈನ್ಯದಲ್ಲಿದ್ದ ಕಬ್ಬಿಣದ ಕೊಳವೆಯ ಬಾಣಗಳು ಒಂದೊಂದಾಗಿ ನೋಡಿದರೆ ಗುರಿ ನೆಚ್ಚತಕ್ಕವುಗಳಲ್ಲ. ಆದರೂ ಹಲವನ್ನು ಒಟ್ಟಿಗೆ ಹಾರಿಸಿದ್ದರಿಂದ 1780ರ ಪೊಳ್ಳಿಲೂರಿನ ಯುದ್ಧದಲ್ಲಿ ಇಂಗ್ಲಿಷರು ಅವುಗಳಿಗೆ ಹೆದರಿದರು. ಮತ್ತೊಂದು ಕಡೆ, ಸತ್ಯವೇದದ ನ್ಯಾಯಸ್ಥಾಪಕರ ಪುಸ್ತಕದ 20ನೆಯ ಅಧ್ಯಾಯದಲ್ಲಿ ಕೂದಲೆಳೆಗೂ ಗುರಿ ತಪ್ಪದ ಏಳುನೂರು ಮಂದಿ ಎಡಗೈಯ ಕವಣೆಗಾರರ ಪ್ರಸ್ತಾಪವುಂಟು. ಬಾಣಗಳು ಹೇರಳವಾಗಿರುವವನಿಗೆ ಸರಾಸರಿಯೇ ಸಾಕು. ಒಂದೇ ಕಲ್ಲು ಉಳಿದವನಿಗೆ ಸಾಲದು. ಮೂರು ಹೊಡೆತಗಳೊಳಗೆ ಒಂದಾದರೂ ತಾಗದಿದ್ದರೆ ಪಾತ್ರವು ಸಾಯುವುದೆಂದು ಇಟ್ಟುಕೊಳ್ಳಿರಿ. ನೂರಕ್ಕೆ 50 ತಾಗುವಲ್ಲಿ ಮೂರೂ ತಪ್ಪುವ ಸಂಭವ ನೂರಕ್ಕೆ 12½. 65 ತಾಗುವಲ್ಲಿ ಸುಮಾರು 4. 80 ತಾಗುವಲ್ಲಿ ಒಂದಕ್ಕಿಂತಲೂ ಕಡಮೆ. ಪ್ರಾಣಸಂಕಟದಲ್ಲಿ ಭಾರವಾದ ಹೊಡೆತಕ್ಕಿಂತ ಖಂಡಿತವಾದ ಹೊಡೆತವೇ ಲೇಸು.

ಈ ಲೆಕ್ಕವನ್ನು ನಾನು ಮಾರನೆಯ ದಿನ ಹುಡುಗಿಯ ಮುಂದೆ ಮಾಡಿ ತೋರಿಸಿ, ಅವಳ ಪರೀಕ್ಷಾಭ್ಯಾಸದ ಪತ್ರಿಕೆಯನ್ನೂ ಕೇಳಿ ಪಡೆದೆನು. ನೀಟ್ ಪರೀಕ್ಷೆಯಲ್ಲಿ 180 ಪ್ರಶ್ನೆಗಳು. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಅವಳು 40 ಪ್ರಶ್ನೆಗಳನ್ನು ಖಾಲಿ ಬಿಟ್ಟಿದ್ದಳು. ಅವುಗಳ ಪೈಕಿ 20ರಲ್ಲಿ ನಾಲ್ಕು ಉತ್ತರಗಳಲ್ಲಿ ಎರಡು ಸಲ್ಲವೆಂದು ತಾನೇ ಗೀಟುಹಾಕಿ, ಉಳಿದೆರಡರಲ್ಲಿ ಯಾವುದೆಂದು ನಿಶ್ಚಯವಾಗದೆ ಕೈಬಿಟ್ಟಿದ್ದಳು. ಅಂಥ ಎರಡು ಪ್ರಶ್ನೆಗಳಿಗೆ ಉತ್ತರಿಸಿದರೆ ಸರಾಸರಿಯಲ್ಲಿ ಒಂದು ಸರಿ, ಒಂದು ತಪ್ಪು. ನಿವ್ವಳ 3 ಅಂಕ. ಇಪ್ಪತ್ತಕ್ಕೆ 30. ಏನೂ ತಿಳಿಯದೆ ಕಣ್ಣುಮುಚ್ಚಿ ಗುರುತಿಸಿದರೂ ನಾಲ್ಕು ಪ್ರಶ್ನೆಗಳಿಗೆ ಒಂದು ಅಂಕ ದೊರಕುವುದಾದರೂ ಅದು ಅತ್ಯಲ್ಪ, ಅದೃಷ್ಟದ ಏರಿಳಿತವೇ ಹೆಚ್ಚು. ಅದನ್ನು ನಾನು ಹೇಳಿಕೊಡಲಿಲ್ಲ.

ಹುಡುಗಿಯು ಬಹಳ ಹೊತ್ತು ಆ ಪತ್ರಿಕೆಯನ್ನೇ ನೋಡುತ್ತಿದ್ದು, "ತಪ್ಪಿದರೆ ಎಲ್ಲರಿಗೂ ಕಾಣುತ್ತದೆ ಟೀಚರಮ್ಮಾ, ಬಿಟ್ಟರೆ ಯಾರಿಗೂ ಕಾಣುವುದಿಲ್ಲ" ಎಂದಳು. ತಾಯಿಯವರು ಆ ಮಾತನ್ನು ಕೇಳಿ ಮಗಳ ತಲೆಯನ್ನು ಸವರಿದರು. ನೋಟುಪುಸ್ತಕವನ್ನು ನಾನು ಹಿಂದಕ್ಕೆ ಕೊಟ್ಟೆನು.

ಹಳೆಯ ವಿದ್ಯಾರ್ಥಿನಿಯರು ಗಣಿತವನ್ನು ಮರೆತಿಲ್ಲವಷ್ಟೆ? ಮೇಲಿನ ನಿಯಮಗಳಂತೆಯೇ, ಮೊದಲು ನೂರಕ್ಕೆ 70 ತಾಗುವ ಎದುರಾಳಿಗೆ ಮೂವತ್ತು ಅಂಕಗಳನ್ನು ಹೇಗೆ ಹಂಚಬೇಕೆಂದು ಮಾಡಿ ನೋಡಿರಿ. ಕೈಚಳಕಕ್ಕೆ 5, ಬಲಕ್ಕೆ 25, ಸರಾಸರಿ 112½ ಎಂದು ಬಂದರೆ ನಿಮ್ಮ ಲೆಕ್ಕ ಸರಿ.