ಹಾರುವ ರೆಪ್ಪೆಯೂ ಮಾರ್ಚ್ ತಿಂಗಳ ಲೆಕ್ಕವೂ

ಪತ್ತಿನ ಸಹಕಾರಿ ಸಂಘಗಳ ಲೆಕ್ಕಪತ್ರಗಳನ್ನು ತಪಾಸಿಸುವ ಕಾರ್ಯದ ನಿಮಿತ್ತ ಗೋಕಾಕ, ಮೂಡಲಗಿ, ಹುಕ್ಕೇರಿಗಳ ನಡುವೆ ಬಹುಕಾಲ ಅಲೆದಾಡಿದ ನನಗೆ, ಮಾರ್ಚ್ 31 ಸಮೀಪಿಸಿತೆಂದರೆ ಎಡಗಣ್ಣಿನ ಕೆಳರೆಪ್ಪೆ ಹಾರತೊಡಗುವುದು ಒಂದು ವಾರ್ಷಿಕ ವಿಧಿಯೆಂಬಂತಾಗಿತ್ತು. ನೋವಿಲ್ಲ, ದೃಷ್ಟಿಗೆ ಬಾಧೆಯಿಲ್ಲ, ಎದುರಿಗೆ ಕುಳಿತವರಿಗೆ ಬಹುಶಃ ಕಾಣುವುದೂ ಇಲ್ಲ; ಆದರೂ ಅಂಕಿಗಳ ಸಾಲಿನ ಮೇಲೆ ಚಿತ್ತವನ್ನು ನಿಲ್ಲಿಸಬೇಕಾದ ವೇಳೆಯಲ್ಲಿಯೇ ರೆಪ್ಪೆಯೊಳಗೆ ಹುಳುವೊಂದು ಮಿಸುಕಾಡಿದಂತಾಗುವ ಆ ಸ್ಪಂದನವು ತಾಳ್ಮೆಯನ್ನು ಪರೀಕ್ಷಿಸುವ ಬಗೆ ಅನುಭವಿಸಿದವರಿಗೇ ವೇದ್ಯ.

ನಮ್ಮ ಸೀಮೆಯಲ್ಲಿ ಇದನ್ನು ಬಾಯಿಬಿಟ್ಟು ಹೇಳಿದವನಿಗೆ ಎದುರಾಗುವ ಮೊದಲ ಪ್ರಶ್ನೆ “ಯಾವ ಕಣ್ರೀ?” ಎಂಬುದು. ಗಂಡಸಿಗೆ ಬಲಗಣ್ಣು ಶುಭ, ಎಡಗಣ್ಣು ಅಶುಭ; ಹೆಂಗಸಿಗೆ ಇದರ ವಿಪರ್ಯಯ. ಮೂಡಲಗಿಯ ವೃದ್ಧ ಸಿಪಾಯಿಯೊಬ್ಬರು “ಎಡಗಣ್ಣ ಹಾರಾಕತ್ತೈತಿ ಅಂದ್ರ ಹೊಸಾ ವ್ಯವಹಾರಕ್ಕ ಕೈ ಹಾಕಬ್ಯಾಡ್ರಿ ಸಾಹೇಬ್ರ” ಎಂದು ಕಳವಳದಿಂದಲೇ ಎಚ್ಚರಿಸಿದ್ದರು. ಇದನ್ನು ಹಳ್ಳಿಗರ ಮೌಢ್ಯವೆಂದು ತಳ್ಳಿಹಾಕುವಂತಿಲ್ಲ. ಶಾಕುಂತಲದಲ್ಲಿ ದುಷ್ಯಂತನ ಆಸ್ಥಾನಕ್ಕೆ ಬಂದ ಶಕುಂತಲೆಯ ಬಲಗಣ್ಣು ಅದುರಿ ಅನಿಷ್ಟವನ್ನು ಸೂಚಿಸಿದರೆ, ಸುಂದರಕಾಂಡದಲ್ಲಿ ಸೀತೆಯ ಎಡಗಣ್ಣು ಅದುರಿ ಶುಭವನ್ನು ಸೂಚಿಸುತ್ತದೆ. ಅನ್ನ ನಿದ್ರೆಗಳನ್ನು ತೊರೆದು ಅಶೋಕವನದಲ್ಲಿ ಶೋಕಿಸುತ್ತಿದ್ದವಳ ರೆಪ್ಪೆ ಹಾರಿದುದರಲ್ಲಿ ವೈದ್ಯನಾದವನಿಗೆ ಆಶ್ಚರ್ಯವೇನೂ ತೋರದೆಂಬುದು ಬೇರೆ ಮಾತು.

ನಾನು ಕಂಡ ನೇತ್ರವೈದ್ಯರಂತೂ ಯಾವ ಕಣ್ಣೆಂದು ಕೇಳುವ ಮೊದಲೇ “ರಾತ್ರಿ ನಿದ್ದಿ ಎಷ್ಟ ಮಾಡ್ತೀರಿ? ಚಾ ಎಷ್ಟ ಕುಡೀತೀರಿ?” ಎಂದು ವಿಚಾರಿಸಿದರು. ಕಣ್ಣನ್ನು ವೃತ್ತಾಕಾರವಾಗಿ ಸುತ್ತುವರಿದ ತೆಳುವಾದ ಸ್ನಾಯುವೊಂದುಂಟು. ಮುಖದ ನರದ ಆಜ್ಞೆಯಿಂದ ರೆಪ್ಪೆಯನ್ನು ಮುಚ್ಚುವುದು ಅದರ ಕೆಲಸ. ಆಯಾಸ, ಚಿಂತೆ, ನಿದ್ರಾಭಾವ, ಚಹಾ ಕಾಫಿಗಳ ಅತಿಸೇವನೆ, ಕಣ್ಣಿನ ಶುಷ್ಕತೆ ಇವುಗಳಿಂದ ಅದರ ಕೆಲವು ಎಳೆಗಳು ಅಪ್ಪಣೆಯಿಲ್ಲದೆಯೇ ಸಂಕೋಚಗೊಳ್ಳುತ್ತವೆ. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇಲ್ಲವೆ ವಾರಗಳಲ್ಲಿ ತಾನಾಗಿಯೇ ಶಮನವಾಗುತ್ತದೆ. ಇಷ್ಟು ಅವರ ವಿವರಣೆ.

ಅವರ ಸಲಹೆಗಳಲ್ಲಿ ಕಠಿನತಮವಾದುದು ಚಹಾವನ್ನು ಕಡಿಮೆ ಮಾಡುವುದು. ಸಂಘದ ಕಚೇರಿಗೆ ಕಾಲಿಟ್ಟವನಿಗೆ ಚಹಾ ಕೊಡದಿರುವುದು ನಮ್ಮಲ್ಲಿ ಅವಮರ್ಯಾದೆ, ಕೊಟ್ಟುದನ್ನು ನಿರಾಕರಿಸುವುದು ಅದಕ್ಕಿಂತ ಅವಮರ್ಯಾದೆ. “ಅರ್ಧಾ ಕಪ್ಪರೆ ತಗೋರಿ” ಎಂಬ ಒತ್ತಾಯಕ್ಕೆ ಮಣಿದ ಅರ್ಧಗಳೆಲ್ಲ ಸಂಜೆಯ ಹೊತ್ತಿಗೆ ಎಷ್ಟು ಪೂರ್ಣಗಳಾಗುತ್ತವೆಂಬುದನ್ನು ಲೆಕ್ಕಿಗನಾದ ನಾನು ಹೇಳಬೇಕಾದುದಿಲ್ಲ. “ಡಾಕ್ಟರು ಬ್ಯಾಡ ಅಂದಾರ” ಎಂಬ ಮಾತೊಂದೇ ಅಲ್ಲಿ ಫಲಿಸಿತು. ಮಧ್ಯಾಹ್ನದ ಮೇಲೆ ಮಜ್ಜಿಗೆ ಬರತೊಡಗಿತು. ರಾತ್ರಿ ಊಟವಾದ ಮೇಲೆ ಖಾತೆಪುಸ್ತಕ ತೆರೆಯಬಾರದೆಂಬ ನಿಯಮವನ್ನು ಮನೆಯಾಕೆ ಜಾರಿಗೆ ತಂದಳು. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಗುಣ ಕೊಟ್ಟುದು ಅದೇ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳೆಬ್ಬಿಸುವ ಧೂಳಿನ ನಡುವೆ ಹುಕ್ಕೇರಿಯ ಬಸ್ಸಿನ ಕಿಟಕಿಯ ಬದಿಗೆ ಕೂರುವುದನ್ನು ಬಿಟ್ಟು, ವೈದ್ಯರು ಬರೆದುಕೊಟ್ಟ ಕೃತಕ ಕಣ್ಣೀರಿನ ಹನಿಗಳನ್ನು ಬಳಸಿದ್ದರಿಂದ ಉರಿಯೂ ಇಳಿಯಿತು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಶುಭ್ರವಾದ ಬಟ್ಟೆಯನ್ನು, ಸುಡದಷ್ಟು ಬೆಚ್ಚಗಿರುವಾಗ, ಮುಚ್ಚಿದ ರೆಪ್ಪೆಯ ಮೇಲೆ ತುಸು ಹೊತ್ತು ಇಟ್ಟುಕೊಳ್ಳುವುದು ಹಿತವೇನೋ ಹೌದು, ಆದರೆ ಅದರ ಗುಣ ತಾತ್ಕಾಲಿಕ. ಹಿತೈಷಿಗಳ ಮಾತಿನಂತೆ ತಿಂದ ಬಾಳೆಯ ಹಣ್ಣು ಹೊಟ್ಟೆಗೆ ಒಳ್ಳೆಯದಾಯಿತು, ರೆಪ್ಪೆಗೆ ಏನೂ ಆಗಲಿಲ್ಲ.

ಆದರೆ ಎಲ್ಲ ಸ್ಪಂದನವೂ ಇಷ್ಟು ನಿರುಪದ್ರವಿಯಲ್ಲ. ಅದುರುವಿಕೆ ಕೆಲವು ವಾರಗಳಾದರೂ ನಿಲ್ಲದಿದ್ದರೆ, ಕಣ್ಣು ತಾನಾಗಿ ಪೂರ್ತಿ ಮುಚ್ಚಿಕೊಳ್ಳತೊಡಗಿದರೆ, ಕೆನ್ನೆಗೂ ತುಟಿಯಂಚಿಗೂ ಸೆಳೆತ ಹಬ್ಬಿದರೆ, ರೆಪ್ಪೆ ಜೋತುಬಿದ್ದರೆ, ಕಣ್ಣು ಕೆಂಪಾಗಿ ಊದಿದರೆ, ಅದು ಬೇರೆ ವ್ಯಾಧಿಯ ಲಕ್ಷಣವಾಗಿರಬಹುದು. ರೆಪ್ಪೆಗಳು ಬಲವಂತವಾಗಿ ಮುಚ್ಚಿಕೊಳ್ಳುವ ರೋಗಕ್ಕೆ ಬೊಟುಲಿನಮ್ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಚುಚ್ಚುವ ಚಿಕಿತ್ಸೆಗೆ ಅಮೆರಿಕದಲ್ಲಿ 1989ರಲ್ಲಿಯೇ ಮಾನ್ಯತೆ ದೊರೆತಿದೆ. ಅದರ ಪರಿಣಾಮ ಕೆಲವು ತಿಂಗಳು ಮಾತ್ರ ಉಳಿಯುವುದರಿಂದ ಮತ್ತೆ ಮತ್ತೆ ಮಾಡಿಸಬೇಕಾಗುತ್ತದೆ. ಇಂಥ ಲಕ್ಷಣಗಳುಳ್ಳವರು ಎಡವೋ ಬಲವೋ ಎಂದು ಎಣಿಸುತ್ತ ಕೂರದೆ ನೇತ್ರವೈದ್ಯರನ್ನು ಕಾಣಬೇಕು.