ಬಾಣಂತಿ ನಾಯಿ ಮನೆಯಲ್ಲಿದ್ದರೆ

ಮರಿ ಹಾಕಿದ ಬೀದಿನಾಯಿಗೆ ಜಗಲಿಯಲ್ಲಿ ಗೋಣಿಚೀಲ ಹಾಸಿಕೊಟ್ಟಿದ್ದೀರಾ? ಒಳ್ಳೆಯದೇ. ಆದರೆ ಮಕ್ಕಳು ಮರಿಯನ್ನು ಎತ್ತಿದರೆ ಎಂಥ ಸಾಧು ತಾಯಿಯೂ ಕಚ್ಚೀತು.

‘ಮರಿ ತಾನೇ ಡಾಕ್ಟ್ರೇ, ಹಲ್ಲು ತಾಗಿದೆ ಅಷ್ಟೆ’ ಎನ್ನುವವರನ್ನು ನಾನು ಆಗಾಗ ಗದರಿಸುವುದುಂಟು. ರೇಬಿಸ್ ಮರಿಯಿಂದಲೂ ಬರುತ್ತದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಅತಿ ಅಪರೂಪ. ಪರಚಿದ ಗಾಯವಾದರೂ ಸರಿ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಸಿನ, ಸುಣ್ಣ ಬೇಡ. ಅಂದೇ ಲಸಿಕೆ ಆರಂಭಿಸಿ. ರಕ್ತ ಬಂದಿದ್ದರೆ ಇಮ್ಯೂನೊಗ್ಲಾಬ್ಯುಲಿನ್ ಕೂಡ ಬೇಕು. ಹೊಕ್ಕುಳ ಸುತ್ತ ಚುಚ್ಚುವ ಹಳೆಯ ಪದ್ಧತಿ ಎಂದೋ ನಿಂತಿದೆ, ಹೆದರಬೇಡಿ.

ಮರಿಗಳ ಮಲದಲ್ಲಿರುವ ಜಂತುಹುಳುವಿನ ಮೊಟ್ಟೆಗಳು ಮಣ್ಣಿನ ಮೂಲಕ ಮಕ್ಕಳ ಹೊಟ್ಟೆ ಸೇರುತ್ತವೆ. ಮರಿಗಳಿಗೆ 2 ವಾರವಾದಾಗ ಪಶುವೈದ್ಯರಿಂದ ಜಂತಿನ ಔಷಧಿ ಕೊಡಿಸಿ, ತಾಯಿಗೂ. 3 ತಿಂಗಳಿಗೆ ಮರಿಗಳ ರೇಬಿಸ್ ಲಸಿಕೆ.