ಬೆಳಗಿನ ಅಂಬಲಿ: ಹೊಟ್ಟೆಗೂ ಬಲ, ಕೈಗೂ ಉಳಿತಾಯ

ಸಂಘದ ಸಭೆಗೆ ಈ ತಿಂಗಳ ಪಾಠ



ಕಳೆದ ಪಾಠಗಳಲ್ಲಿ ಲೆಕ್ಕ ಪುಸ್ತಕ, ಆಂತರಿಕ ಸಾಲ, ಬ್ಯಾಂಕ್ ವ್ಯವಹಾರದ ಬಗ್ಗೆ ಕಲಿತೆವು. ಈ ತಿಂಗಳು ಅಡುಗೆಮನೆಗೆ ಹೋಗೋಣ. ಅಡುಗೆಮನೆ ನಮಗೆ ಗೊತ್ತಿಲ್ಲದ ಜಾಗವೇ ಅಂತ ನೀವು ನಗಬಹುದು. ಆದರೆ ಅಲ್ಲಿಯೂ ನಾವು ಬರೆದಿಡದ ಒಂದು ಲೆಕ್ಕ ಇದೆ.

ಮೊದಲು ಒಂದು ಘಟನೆ. ನಮ್ಮ ಒಂದು ಸಂಘದ ಸಭೆ ಬೆಳಿಗ್ಗೆ 11 ಗಂಟೆಗೆ ನಡೆಯುತ್ತಿತ್ತು. ಉಳಿತಾಯದ ಹಣ ಎಣಿಸುತ್ತಿದ್ದ ಸದಸ್ಯೆಯೊಬ್ಬರು ಇದ್ದಕ್ಕಿದ್ದಂತೆ ತಲೆಸುತ್ತಿ ಪಕ್ಕದವರ ಮೇಲೆ ಒರಗಿದರು. ನೀರು ಕುಡಿಸಿ, ಗಾಳಿ ಹಾಕಿ, "ಬೆಳಿಗ್ಗೆ ಏನು ತಿಂದ್ರಿ ಅಕ್ಕಾ?" ಅಂತ ಕೇಳಿದೆವು. "ಟೀ ಕುಡಿದೆ" ಅಂದರು. "ಅದರ ಜೊತೆ?" "ಏನೂ ಇಲ್ಲ. ಮಕ್ಕಳನ್ನ ಸ್ಕೂಲಿಗೆ ಕಳಿಸಿ, ಅವರಿಗೆ ಬುತ್ತಿ ಕಟ್ಟಿ, ದನದ ಕೆಲಸ ಮುಗಿಸೋವಾಗ ಹೊತ್ತಾಯ್ತು." ಆಗ ಅಲ್ಲಿದ್ದ ಎಲ್ಲರನ್ನೂ ಕೇಳಿದೆವು. 14 ಮಂದಿಯಲ್ಲಿ 9 ಮಂದಿ ಬರೀ ಟೀ ಕುಡಿದು ಬಂದಿದ್ದರು. ಗಂಡಸರು, ಮಕ್ಕಳು ಉಪವಾಸ ಹೋದ ಮನೆ ಒಂದೂ ಇರಲಿಲ್ಲ. ಉಪವಾಸ ಇದ್ದವರು ಅಡುಗೆ ಮಾಡಿದವರೇ!

ಇದು ಒಂದು ಸಂಘದ ಕಥೆ ಮಾತ್ರ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ನೂರು ಮಹಿಳೆಯರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಅಂದರೆ ಸಭೆಯಲ್ಲಿ ನಿಮ್ಮ ಎಡಕ್ಕೊಬ್ಬರು, ಬಲಕ್ಕೊಬ್ಬರು ಕೂತಿದ್ದರೆ ಅವರಲ್ಲಿ ಒಬ್ಬರಿಗೆ ಇರಬಹುದು. ಅದು ನಮಗೇ ಇರಬಹುದು.

ಈ ಪಾಠದ ಉದ್ದೇಶ

1. ಕಡಿಮೆ ಖರ್ಚಿನಲ್ಲಿ, ಮನೆಯಲ್ಲೇ ಇರುವ ಧಾನ್ಯದಿಂದ ಬೆಳಗಿನ ಆಹಾರ ಮಾಡುವುದು.
2. ಅದರಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ತಿಳಿಯುವುದು.
3. ಮನೆಯ ಹೆಂಗಸೂ ಬೆಳಿಗ್ಗೆ ತಿಂದೇ ಹೊರಡುವ ಅಭ್ಯಾಸ ಮಾಡುವುದು.

ಅಂಬಲಿ ಅಂದರೆ ನಾಚಿಕೆ ಏಕೆ?

ಅಂಬಲಿ ಅಂದ ಕೂಡಲೇ ಕೆಲವರು, "ಅಯ್ಯೋ, ಅದು ಬಡವರ ಊಟ ಕಣಕ್ಕಾ, ನೆಂಟರು ನೋಡಿದ್ರೆ ಏನಂದುಕೊಳ್ತಾರೆ" ಅನ್ನುತ್ತಾರೆ. ನಮ್ಮ ಅಜ್ಜಿಯರು ಅಂಬಲಿ ಕುಡಿದೇ ನಾಟಿ ಹಾಕಿದರು, ಕಳೆ ಕಿತ್ತರು, ಹೊರೆ ಹೊತ್ತರು. "ಹಿಟ್ಟು ತಿಂದವ ಬೆಟ್ಟ ಕಿತ್ತಿಟ್ಟ" ಎಂಬ ಗಾದೆ ಸುಮ್ಮನೆ ಹುಟ್ಟಲಿಲ್ಲ. ಕನಕದಾಸರು ತಮ್ಮ 'ರಾಮಧಾನ್ಯ ಚರಿತೆ'ಯಲ್ಲಿ ಇದೇ ವಿಷಯ ಹೇಳಿದ್ದಾರೆ. ಅಕ್ಕಿಗೂ ರಾಗಿಗೂ ತಾನು ಹೆಚ್ಚು, ತಾನು ಹೆಚ್ಚು ಅಂತ ಜಗಳ ಆಗುತ್ತದೆ. ಶ್ರೀರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಆಮೇಲೆ ನೋಡಿದರೆ ಅಕ್ಕಿ ಸೊರಗಿತ್ತು, ರಾಗಿ ಮಾತ್ರ ಇದ್ದ ಹಾಗೇ ಗಟ್ಟಿಯಾಗಿತ್ತು. ರಾಮ ರಾಗಿಗೇ ಮನ್ನಣೆ ಕೊಟ್ಟ. ಬಡವರ ಧಾನ್ಯವನ್ನು ಕೀಳಾಗಿ ಕಾಣಬೇಡಿ ಎಂದು ಅಷ್ಟು ಹಿಂದೆಯೇ ಹೇಳಿದ ಮಾತಿದು.

ಧರ್ಮ ಯಾವುದಾದರೂ ಗಂಜಿ ಎಲ್ಲರ ಮನೆಯದ್ದು. ಶುಭ ಶುಕ್ರವಾರ ಶಿಲುಬೆ ಹಾದಿ ಮುಗಿಸಿ ಗಂಜಿ ಕುಡಿಯುವ ಊರುಗಳಿವೆ. ರಂಜಾನ್ ಸಂಜೆ ಗಂಜಿಯಿಂದ ಉಪವಾಸ ಬಿಡುವ ಮನೆಗಳಿವೆ. ಊರಮ್ಮನ ಹಬ್ಬದಲ್ಲಿ ಅಂಬಲಿ ಹಂಚುವವರಿದ್ದಾರೆ. ಹಾಗಿರುವಾಗ ನಾಚಿಕೆ ಯಾಕೆ? 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಎಂದು ಆಚರಿಸಿತು. ನಮ್ಮ ರಾಜ್ಯದಲ್ಲಿ 2024ರ ಫೆಬ್ರವರಿಯಲ್ಲಿ ಶಾಲಾ ಮಕ್ಕಳಿಗೆ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡುವ ಕಾರ್ಯಕ್ರಮ ಶುರುವಾಯಿತು. ಪೇಟೆಯವರು ಈಗ ದುಡ್ಡು ಕೊಟ್ಟು ಕುಡಿಯುವುದನ್ನು ನಾವು ಮನೆಯಲ್ಲಿ ಬಿಡುತ್ತಿದ್ದೇವೆ.

ರಾಗಿಯಲ್ಲಿ ಏನಿದೆ?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಇದೆ. ಬಿಳಿ ಅಕ್ಕಿಯಲ್ಲಿ ಅದು 10 ಮಿಲಿಗ್ರಾಂ ಕೂಡ ಇಲ್ಲ. ಕಬ್ಬಿಣದ ಅಂಶ ರಾಗಿಯಲ್ಲಿ 4 ಮಿಲಿಗ್ರಾಂಗಿಂತ ಹೆಚ್ಚು, ಬಿಳಿ ಅಕ್ಕಿಯಲ್ಲಿ 1 ಮಿಲಿಗ್ರಾಂಗಿಂತ ಕಡಿಮೆ. ನಾರಿನ ಅಂಶವೂ ರಾಗಿಯಲ್ಲೇ ಹೆಚ್ಚು. ರಾಗಿಯನ್ನು ಸಿಪ್ಪೆ ಸಮೇತ ಬೀಸುತ್ತೇವೆ, ಅಕ್ಕಿಯನ್ನು ಪಾಲಿಶ್ ಮಾಡಿ ಸತ್ವವನ್ನು ತೌಡಿನ ಜೊತೆ ಕಳಿಸುತ್ತೇವೆ.

ಆದರೆ ಸತ್ಯವನ್ನೂ ಹೇಳಬೇಕು. ಒಬ್ಬರು ಬೆಳಿಗ್ಗೆ 40 ಗ್ರಾಂ ರಾಗಿ ಹಿಟ್ಟಿನ ಅಂಬಲಿ ಕುಡಿದರೆ ಸುಮಾರು 145 ಮಿಲಿಗ್ರಾಂ ಕ್ಯಾಲ್ಸಿಯಂ ಸಿಗುತ್ತದೆ. ದಿನಕ್ಕೆ ಬೇಕಾದದ್ದು 1000 ಮಿಲಿಗ್ರಾಂ. ಮಜ್ಜಿಗೆ ಬೆರೆಸಿದರೆ ಇನ್ನಷ್ಟು ಸೇರುತ್ತದೆ. ಕಬ್ಬಿಣ ಸಿಗುವುದು 2 ಮಿಲಿಗ್ರಾಂಗಿಂತ ಕಡಿಮೆ. ಮುಟ್ಟಾಗುವ ವಯಸ್ಸಿನ ಹೆಂಗಸಿಗೆ ದಿನಕ್ಕೆ ಬೇಕಾದದ್ದು 29 ಮಿಲಿಗ್ರಾಂ. ಆದ್ದರಿಂದ "ಅಂಬಲಿ ಕುಡಿದರೆ ರಕ್ತ ಆಗುತ್ತೆ, ಮಾತ್ರೆ ಬೇಡ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನುಗ್ಗೆಸೊಪ್ಪು, ಹುರುಳಿ, ಹೆಸರುಕಾಳು ಬೇಕು. ಸಾಧ್ಯ ಇದ್ದವರಿಗೆ ಮೊಟ್ಟೆ, ಮೀನು, ಮಾಂಸವೂ ಬೇಕು. ರಕ್ತ ಕಡಿಮೆ ಇದ್ದವರು ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆಯನ್ನು ಬಿಡಬಾರದು. ಅಂಬಲಿ ಮನೆಗೆ ಅಡಿಪಾಯ ಇದ್ದ ಹಾಗೆ. ಗೋಡೆ, ಸೂರನ್ನು ಬೇರೆ ಆಹಾರಗಳಿಂದ ಕಟ್ಟಬೇಕು.

ಇನ್ನೊಂದು ಮಾತು. ರಾಗಿಯಲ್ಲಿರುವ ಕೆಲವು ಅಂಶಗಳು ಕಬ್ಬಿಣ, ಕ್ಯಾಲ್ಸಿಯಂ ದೇಹಕ್ಕೆ ಸೇರದಂತೆ ತಡೆಯುತ್ತವೆ. ಹುಳಿ ಬರಿಸಿದರೆ, ಮೊಳಕೆ ಕಟ್ಟಿದರೆ ಈ ತಡೆ ಕಡಿಮೆಯಾಗುತ್ತದೆ. ಅಜ್ಜಿಯರು ರಾತ್ರಿಯೇ ಹಿಟ್ಟು ಕಲಸಿ ಇಡುತ್ತಿದ್ದುದರ ಗುಟ್ಟು ಇದೇ. ನಿಂಬೆರಸ ಹಿಂಡಿದರೆ ಅಥವಾ ಜೊತೆಗೆ ಸೀಬೆಹಣ್ಣು, ನೆಲ್ಲಿಕಾಯಿ ತಿಂದರೆ ಕಬ್ಬಿಣ ಇನ್ನೂ ಚೆನ್ನಾಗಿ ಸೇರುತ್ತದೆ. ಟೀ, ಕಾಫಿ ಇದಕ್ಕೆ ಶತ್ರು. ಟೀ ಬಿಡಿ ಅಂತ ನಾವು ಹೇಳುವುದಿಲ್ಲ, ಹೇಳಿದರೂ ನೀವು ಕೇಳುವುದಿಲ್ಲ! ಅಂಬಲಿ ಕುಡಿದು ಒಂದು ಗಂಟೆ ಬಿಟ್ಟು ಕುಡಿಯಿರಿ.

ಮಾಡುವ ವಿಧಾನ

ಅ) ಹುಳಿ ಅಂಬಲಿ (ನಾಲ್ಕು ಜನರಿಗೆ)

ಬೇಕಾದದ್ದು: ರಾಗಿ ಹಿಟ್ಟು ಸುಮಾರು 160 ಗ್ರಾಂ, ನೀರು ಆರು ಲೋಟ, ಎರಡು ಮೂರು ಲೋಟ ಮಜ್ಜಿಗೆ, ಉಪ್ಪು, ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಕರಿಬೇವು.

ರಾತ್ರಿ ಮಲಗುವ ಮುಂಚೆ ಹಿಟ್ಟನ್ನು ಎರಡು ಲೋಟ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಮುಚ್ಚಿಡಿ. ಮಣ್ಣಿನ ಮಡಕೆ ಇದ್ದರೆ ಒಳ್ಳೆಯದು, ಸ್ಟೀಲ್ ಪಾತ್ರೆಯೂ ಆಗುತ್ತದೆ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಳಿ ಪದಾರ್ಥ ಇಡಬೇಡಿ. ಬೆಳಿಗ್ಗೆ ಉಳಿದ ನಾಲ್ಕು ಲೋಟ ನೀರು ಕುದಿಸಿ, ಕಲಸಿಟ್ಟ ಹಿಟ್ಟನ್ನು ನಿಧಾನವಾಗಿ ಸುರಿಯುತ್ತಾ ತಿರುವಿ. ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಬೇಯಬೇಕು. ಹಸಿ ವಾಸನೆ ಹೋಗಿ, ಬಣ್ಣ ಗಾಢವಾಗಿ ಹೊಳಪು ಬಂದರೆ ಬೆಂದಿದೆ ಅಂತ ಅರ್ಥ. ಉಪ್ಪು ಹಾಕಿ ಇಳಿಸಿ. ಉಗುರುಬೆಚ್ಚಗಾದ ಮೇಲೆ ಮಜ್ಜಿಗೆ ಬೆರೆಸಿ, ಹೆಚ್ಚಿದ ಈರುಳ್ಳಿ, ಸೊಪ್ಪು ಹಾಕಿ. ಬಿಸಿ ಇರುವಾಗಲೇ ಮಜ್ಜಿಗೆ ಹಾಕಿದರೆ ಒಡೆಯುತ್ತದೆ. ಒಬ್ಬರಿಗೆ ಎರಡು ಲೋಟ ಆಗುತ್ತದೆ.

ಗದ್ದೆ ಕೆಲಸ, ಗಾರೆ ಕೆಲಸಕ್ಕೆ ಹೋಗುವವರಿಗೆ ಬರೀ ಅಂಬಲಿ ಸಾಲದು, ಬೇಗ ಹಸಿವಾಗುತ್ತದೆ. ಜೊತೆಗೆ ಒಂದು ಹಿಡಿ ಹುರಿದ ಕಡಲೆಬೀಜ, ಬೇಯಿಸಿದ ಕಾಳು ಅಥವಾ ರಾತ್ರಿ ಉಳಿದ ರೊಟ್ಟಿ ಇರಲಿ.

ಆ) ಹುರಿಹಿಟ್ಟು

ಬೆಳಿಗ್ಗೆ ಐದಕ್ಕೇ ಬಸ್ಸು ಹಿಡಿಯುವವರಿಗೆ ಇದು ಅನುಕೂಲ. ರಾಗಿಗೆ ಸ್ವಲ್ಪ ನೀರು ಚಿಮುಕಿಸಿ ತೇವ ಹಿಡಿಸಿ, ಕಾದ ಬಾಣಲೆಯಲ್ಲಿ ಅರಳು ಸಿಡಿಯುವಂತೆ ಹುರಿದು ಬೀಸಿಡಬೇಕು. ಬಿಸಿ ಹಾಲು ಅಥವಾ ಬಿಸಿನೀರಿಗೆ ಬೆಲ್ಲ ಹಾಕಿ ಈ ಹಿಟ್ಟು ಕಲಸಿದರೆ ಎರಡು ನಿಮಿಷದಲ್ಲಿ ತಯಾರು. ಒಲೆ ಹಚ್ಚಿ ಬೇಯಿಸುವ ಕೆಲಸ ಇಲ್ಲ.

ಇ) ಮೊಳಕೆ ರಾಗಿ ಮಾಲ್ಟ್

ರಾಗಿಯನ್ನು ಕಲ್ಲು, ಮಣ್ಣು ಹೋಗುವಂತೆ ತೊಳೆದು 12 ಗಂಟೆ ನೆನೆಸಿ, ನೀರು ಬಸಿದು, ಶುದ್ಧ ಬಟ್ಟೆಯಲ್ಲಿ ಕಟ್ಟಿಡಿ. ಒಂದೆರಡು ದಿನದಲ್ಲಿ ಮೊಳಕೆ ಬರುತ್ತದೆ. ಬಟ್ಟೆ ಒಣಗದಂತೆ ನೀರು ಚಿಮುಕಿಸುತ್ತಿರಿ. ಚೆನ್ನಾಗಿ ಒಣಗಿಸಿ, ಮೊಳಕೆ ಉಜ್ಜಿ ತೆಗೆದು, ಘಮ ಬರುವಷ್ಟು ಹುರಿದು ಬೀಸಿ. ಬೂಸ್ಟು ಹಿಡಿದ ವಾಸನೆ ಬಂದರೆ ದಯಮಾಡಿ ಬಳಸಬೇಡಿ, ನಷ್ಟವಾದರೂ ಪರವಾಗಿಲ್ಲ.

ರಾಗಿ ಬೆಳೆಯದ ಊರಿನವರು ತಮ್ಮೂರಿನ ಧಾನ್ಯವನ್ನೇ ಬಳಸಿ. ಬಯಲುಸೀಮೆಯ ಉತ್ತರದವರಿಗೆ ಜೋಳದ ಅಂಬಲಿ ಇದೆ, ಕರಾವಳಿಯವರಿಗೆ ಕುಚ್ಚಲಕ್ಕಿ ಗಂಜಿ, ಜೊತೆಗೆ ಚಟ್ನಿ ಇದೆ.

ಯಾರಿಗೆ ಎಚ್ಚರಿಕೆ ಬೇಕು?

- ಆರು ತಿಂಗಳು ತುಂಬದ ಕೂಸಿಗೆ ತಾಯಿಯ ಹಾಲು ಮಾತ್ರ. ಆರು ತಿಂಗಳ ನಂತರ ರಾಗಿ ಸರಿಯನ್ನು ಗಟ್ಟಿಯಾಗಿ ಬೇಯಿಸಿ ಚಮಚದಲ್ಲಿ ತಿನ್ನಿಸಿ. ನೀರಿನಂತೆ ತೆಳ್ಳಗೆ ಮಾಡಿದರೆ ಹೊಟ್ಟೆ ತುಂಬುತ್ತದೆ, ಮಗು ಬೆಳೆಯುವುದಿಲ್ಲ.
- ಸಕ್ಕರೆ ಕಾಯಿಲೆ ಇರುವವರು "ರಾಗಿ ತಾನೆ" ಅಂತ ಎಷ್ಟಾದರೂ ಕುಡಿಯಬಾರದು. ನುಣ್ಣಗೆ ಬೀಸಿದ ಹಿಟ್ಟಿನ ತೆಳು ಗಂಜಿ ಬೇಗ ಜೀರ್ಣವಾಗಿ ರಕ್ತದಲ್ಲಿ ಸಕ್ಕರೆ ಏರಿಸುತ್ತದೆ. ಬೆಲ್ಲವಿಲ್ಲದೆ, ಮಿತವಾಗಿ, ಮಜ್ಜಿಗೆ ಮತ್ತು ಕಾಳಿನ ಜೊತೆ ತೆಗೆದುಕೊಳ್ಳಲಿ.
- ಮೂತ್ರಪಿಂಡದ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಬಳಸಲಿ.

ಲೆಕ್ಕ ಹಾಕೋಣ ಬನ್ನಿ

ಕೆಳಗಿನ ಬೆಲೆಗಳು ಲೆಕ್ಕ ಕಲಿಯಲು ಮಾತ್ರ. ಸಭೆಯಲ್ಲಿ ನಿಮ್ಮೂರಿನ ಬೆಲೆ ಹಾಕಿಕೊಳ್ಳಿ. ಪಡಿತರದಲ್ಲಿ ರಾಗಿ ಸಿಗುವವರಿಗೆ, ಹೊಲದಲ್ಲಿ ಬೆಳೆಯುವವರಿಗೆ ಖರ್ಚು ಇನ್ನೂ ಕಡಿಮೆ.

ಅಂಬಲಿ (ನಾಲ್ಕು ಜನ): ಬೀಸಿದ ರಾಗಿ ಹಿಟ್ಟು ಕೆ.ಜಿ.ಗೆ 50 ರೂಪಾಯಿ ಆದರೆ 160 ಗ್ರಾಂಗೆ 8 ರೂಪಾಯಿ. ಮಜ್ಜಿಗೆಗೆ 8, ಈರುಳ್ಳಿ, ಉಪ್ಪು, ಸೊಪ್ಪಿಗೆ 4, ಕಡಲೆಬೀಜಕ್ಕೆ 10. ಒಟ್ಟು 30 ರೂಪಾಯಿ.

ಈಗ ನಾವು ಮಾಡುತ್ತಿರುವುದು: ಮಕ್ಕಳಿಗೆ ಎರಡು ಪ್ಯಾಕೆಟ್ ಬಿಸ್ಕತ್ತು 20 ರೂಪಾಯಿ. ಹಸಿವು ತಾಳಲಾರದೆ ಗಂಡ ಹೆಂಡತಿ ಕೆಲಸದ ಜಾಗದಲ್ಲಿ ತಿನ್ನುವ ಬೋಂಡಾ, ಟೀಗೆ 30 ರೂಪಾಯಿ. ಒಟ್ಟು 50 ರೂಪಾಯಿ. ಇದರಲ್ಲಿ ಸಿಗುವುದು ಮೈದಾ, ಸಕ್ಕರೆ, ಕರಿದ ಎಣ್ಣೆ.

ದಿನಕ್ಕೆ ಉಳಿಯುವುದು 20 ರೂಪಾಯಿ. ತಿಂಗಳಲ್ಲಿ 25 ದಿನ ಅಂದರೆ 500, ವರ್ಷಕ್ಕೆ 6,000 ರೂಪಾಯಿ. 15 ಮಂದಿಯ ಸಂಘದಲ್ಲಿ ಇದು 90,000 ರೂಪಾಯಿ! ಮಕ್ಕಳ ಫೀಸಿಗೆ ಬಡ್ಡಿಗೆ ಕೈಚಾಚುವ ಜೂನ್ ತಿಂಗಳಲ್ಲಿ ಈ ಹಣ ನಮ್ಮದೇ ಸಂಘದ ಪೆಟ್ಟಿಗೆಯಲ್ಲಿ ಇದ್ದರೆ ಹೇಗಿರುತ್ತದೆ, ಯೋಚಿಸಿ.

ಇನ್ನೊಂದು ಖರ್ಚೂ ಇದೆ. ಟಿ.ವಿ. ಜಾಹೀರಾತು ನೋಡಿ ಮಕ್ಕಳು ಹಾಲಿಗೆ ಹಾಕುವ ಡಬ್ಬಿ ಪುಡಿ ಕೇಳುತ್ತಾರೆ. ಅಂಥ ಪಾನೀಯಗಳನ್ನು 'ಹೆಲ್ತ್ ಡ್ರಿಂಕ್' ಎಂಬ ಹೆಸರಿನಡಿ ಮಾರಬಾರದು ಎಂದು ಕೇಂದ್ರ ಸರ್ಕಾರವೇ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟಗಾರರಿಗೆ ಸೂಚಿಸಿತು. ಡಬ್ಬಿ ಕೊಳ್ಳುವ ಮುಂಚೆ ಹಿಂಬದಿಯಲ್ಲಿ ಸಕ್ಕರೆ ಎಷ್ಟಿದೆ ಅಂತ ಮಕ್ಕಳಿಂದಲೇ ಓದಿಸಿ.

ಮಾಡಿದವಳೂ ಕುಡಿಯಬೇಕು

ಪಾಠದ ಮುಖ್ಯ ಮಾತು ಇದು. ಅಂಬಲಿ ಮಾಡಿ, ಗಂಡನಿಗೆ, ಅತ್ತೆಗೆ, ಮಕ್ಕಳಿಗೆ ಕೊಟ್ಟು, ತಳದಲ್ಲಿ ಉಳಿದದ್ದನ್ನು ನೀರು ಬೆರೆಸಿ ಕುಡಿದರೆ ಪ್ರಯೋಜನ ಇಲ್ಲ. ನಾಲ್ಕು ಜನರ ಮನೆಯಲ್ಲಿ ನಾಲ್ಕು ಲೋಟ ಸಾಲಾಗಿ ಇಟ್ಟು, ಮೊದಲೇ ಸಮವಾಗಿ ಸುರಿಯಿರಿ. ನಾಲ್ಕನೆಯ ಲೋಟ ನಿಮ್ಮದು. ಇದು ಸ್ವಾರ್ಥ ಅಲ್ಲ. ದೇವರು ಕೊಟ್ಟ ದೇಹವನ್ನು ಕಾಪಾಡುವುದೂ ನಮ್ಮ ಕರ್ತವ್ಯವೇ. ಆ ದಿನ ತಲೆಸುತ್ತಿದ ನಮ್ಮ ಸದಸ್ಯೆ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆ ತೆಗೆದುಕೊಂಡು, ಬೆಳಿಗ್ಗೆ ಅಂಬಲಿ ಶುರು ಮಾಡಿದರು. ಕೆಲವು ತಿಂಗಳ ಬಳಿಕ ಸಿಕ್ಕಾಗ, "ಈಗ ಮಗಳೇ ನನ್ನ ಲೋಟ ತುಂಬಿಸಿ ಕೊಡ್ತಾಳೆ, ಕುಡಿಯೋವರೆಗೂ ಬಿಡೋದಿಲ್ಲ" ಅಂದರು.

ಗುಂಪು ಚರ್ಚೆಗೆ ಪ್ರಶ್ನೆಗಳು

1. ಇವತ್ತು ಬೆಳಿಗ್ಗೆ ನಾವು ಏನು ತಿಂದು ಬಂದೆವು? ಒಬ್ಬೊಬ್ಬರಾಗಿ ನಿಜ ಹೇಳೋಣ.
2. ನಮ್ಮ ಮನೆಯಲ್ಲಿ ಮೊದಲು ಊಟ ಮಾಡುವವರು ಯಾರು? ಕೊನೆಗೆ ಯಾರು? ಯಾಕೆ?
3. ನಮ್ಮೂರಿನ ಬೆಲೆಯಲ್ಲಿ ಅಂಬಲಿಯ ಲೆಕ್ಕ ಎಷ್ಟಾಗುತ್ತದೆ?
4. ನಮ್ಮಲ್ಲಿ ಎಷ್ಟು ಮಂದಿ ಈ ವರ್ಷ ರಕ್ತ ಪರೀಕ್ಷೆ ಮಾಡಿಸಿದ್ದೇವೆ?

ಈ ತಿಂಗಳ ತೀರ್ಮಾನ

- ಮುಂದಿನ ಸಭೆಗೆ ಟೀ ಬದಲು ಅಂಬಲಿ ಮಾಡೋಣ. ಸರದಿಯಂತೆ ಇಬ್ಬರು ಸದಸ್ಯೆಯರು ಜವಾಬ್ದಾರಿ ತೆಗೆದುಕೊಳ್ಳಲಿ.
- ಸಂಘದಿಂದ ಒಟ್ಟಿಗೆ ರಾಗಿ ಕೊಂಡು ಹಂಚಿಕೊಳ್ಳೋಣ. ನಾಲ್ಕು ಜನರ ಮನೆಗೆ ತಿಂಗಳಿಗೆ 5 ಕೆ.ಜಿ. ಸಾಕು.
- ಆಶಾ ಕಾರ್ಯಕರ್ತೆಯನ್ನು ಸಭೆಗೆ ಕರೆದು ರಕ್ತ ಪರೀಕ್ಷೆಯ ದಿನ ಗೊತ್ತು ಮಾಡೋಣ.
- ಮಾಲ್ಟ್ ಪುಡಿ ಮಾಡಿ ಮಾರುವ ಆಸೆ ಇರುವ ಸಂಘಗಳು ಮೊದಲು ಆರು ತಿಂಗಳು ತಮ್ಮ ಮನೆಗಳಿಗೇ ಮಾಡಿ ಕೈ ಪಳಗಿಸಿಕೊಳ್ಳಲಿ. ಮಾರಾಟಕ್ಕೆ ಆಹಾರ ಸುರಕ್ಷತೆಯ ನೋಂದಣಿ ಬೇಕು. ಆ ವಿಷಯ ನಮ್ಮ ಕಾರ್ಯಕರ್ತೆಯರ ಹತ್ತಿರ ಮಾತಾಡಿ.

ಪ್ರತಿನಿಧಿಗಳು ಈ ತೀರ್ಮಾನಗಳನ್ನು ನಡಾವಳಿ ಪುಸ್ತಕದಲ್ಲಿ ಬರೆದು, ಒಕ್ಕೂಟದ ಸಭೆಯಲ್ಲಿ ವರದಿ ಮಾಡಲಿ. ನಾಳೆ ಬೆಳಿಗ್ಗೆ ಲೋಟಗಳನ್ನು ಸಾಲಾಗಿ ಇಡುವಾಗ ನಿಮ್ಮದನ್ನು ಮರೆಯಬೇಡಿ. ದೇವರು ನಿಮ್ಮನ್ನೂ ನಿಮ್ಮ ಕುಟುಂಬವನ್ನೂ ಆಶೀರ್ವದಿಸಲಿ.